ಅಲುಗದಂತೆ ಕೂರಿಸುವುದು: ದೋಣಿಯ ಇಂಧನ ಟ್ಯಾಂಕ್ ಮತ್ತು ಕಂಪನ

ಮೇಜಿನ ಮೇಲೆ ಇಟ್ಟಿರುವ ಈ ಅಲ್ಯೂಮಿನಿಯಂ ತಗಡಿನ ತುಂಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಪಕ್ಕದವರಿಗೆ ದಾಟಿಸಿ. ದಪ್ಪ 3 ಮಿಮೀ. ಅಡ್ಡಕ್ಕೆ ಒಂದು ಗೆರೆ ಇದೆ, ಕನ್ನಡಿಯ ಹಾಗೆ ಹೊಳೆಯುತ್ತದೆ, ಉಗುರು ಆಡಿಸಿದರೆ ತಡೆಯುತ್ತದೆ. ಅದನ್ನು ಯಾರೂ ಅರ ಹಾಕಿ ಉಜ್ಜಿದ್ದಲ್ಲ. ಟ್ಯಾಂಕನ್ನು ಹಿಡಿದಿಟ್ಟ ಸ್ಟ್ರಾಪಿನ ಅಂಚು ಕೂತಿದ್ದ ಜಾಗ ಅದು. ಸ್ಟ್ರಾಪ್ ಹರಿದಿರಲಿಲ್ಲ, ಬೋಲ್ಟ್ ಕಳಚಿರಲಿಲ್ಲ. ಎಲ್ಲ ಗಟ್ಟಿಯಾಗಿಯೇ ಇದೆ ಎಂದು ಕಾಣುತ್ತಿದ್ದಾಗಲೇ ತಗಡು ಸವೆದಿದೆ.

ಹೇಗೆ ಎಂಬುದಕ್ಕೆ ಒಂದು ಲೆಕ್ಕ. ನಾಲ್ಕು ಸಿಲಿಂಡರಿನ ಫೋರ್-ಸ್ಟ್ರೋಕ್ ಡೀಸೆಲ್ ಎಂಜಿನ್ 1800 ಆರ್‌ಪಿಎಂನಲ್ಲಿ ಓಡುತ್ತಿದೆ ಎನ್ನಿ. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡು ಸ್ಫೋಟ, ಅಂದರೆ ಸೆಕೆಂಡಿಗೆ 60 ಹೊಡೆತ. ಆರು ಗಂಟೆ ಓಡಿಸಿದರೆ 12,96,000. ಒಂದೇ ದಿನದಲ್ಲಿ ಹದಿಮೂರು ಲಕ್ಷ. ಪ್ರತಿ ಹೊಡೆತಕ್ಕೂ ಸ್ಟ್ರಾಪಿನ ಕೆಳಗೆ ಟ್ಯಾಂಕ್ ಕಣ್ಣಿಗೆ ಕಾಣದಷ್ಟು, ಮಿಲಿಮೀಟರಿನ ನೂರನೇ ಒಂದು ಪಾಲು ಸರಿದರೂ ಸಾಕು. ಅಲ್ಯೂಮಿನಿಯಂ ಮೈಮೇಲಿನ ಆಕ್ಸೈಡ್ ಪೊರೆ ಒರಸಿ ಹೋಗುತ್ತದೆ, ಹೊಸ ಪೊರೆ ಕಟ್ಟುತ್ತದೆ, ಅದೂ ಒರಸಿ ಹೋಗುತ್ತದೆ. ಹಾಗೆ ಉದುರಿದ ಆಕ್ಸೈಡ್ ಪುಡಿ ಲೋಹಕ್ಕಿಂತ ಗಟ್ಟಿ. ಆಮೇಲೆ ಅದೇ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಆದ್ದರಿಂದ ಇವತ್ತಿನ ನನ್ನ ಮಾತು ಇಷ್ಟೆ: ಕಂಪನ ಟ್ಯಾಂಕನ್ನು ತೂತು ಮಾಡುವುದಕ್ಕಿಂತ, ಟ್ಯಾಂಕಿಗೂ ಅದನ್ನು ಹೊತ್ತ ಚೌಕಟ್ಟಿಗೂ ನಡುವಿನ ತಿಕ್ಕಾಟ ತೂತು ಮಾಡುವುದೇ ಹೆಚ್ಚು. ದೋಣಿಯೊಂದಿಗೆ ಟ್ಯಾಂಕ್ ಒಂದೇ ಮೈಯಾಗಿ ನಡುಗಿದರೆ ದೊಡ್ಡ ತೊಂದರೆ ಇಲ್ಲ. ದೋಣಿ ಒಂದು ಕಡೆ, ಟ್ಯಾಂಕ್ ಇನ್ನೊಂದು ಕಡೆ ಎಂದಾಗ ತೊಂದರೆ ಶುರು.

ಟ್ಯಾಂಕಿನ ಮೇಲೆ ಬೀಳುವ ಬಲಗಳು ಮೂರು ಬಗೆ. ಒಂದು, ಈಗ ಹೇಳಿದ ಎಂಜಿನ್ ಕಂಪನ. ಅದರ ಜೊತೆಗೆ ಪ್ರೊಪೆಲ್ಲರಿನದ್ದೂ ಇದೆ: ಮೂರು ಎಲೆಯ ಪ್ರೊಪೆಲ್ಲರ್ 900 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 45 ಬಾರಿ ತಳವನ್ನು ತಟ್ಟುತ್ತದೆ. ಎರಡನೆಯದು ಅಲೆಯ ಹೊಡೆತ. ವೇಗದ ದೋಣಿ ಅಲೆಯ ನೆತ್ತಿಯಿಂದ ಹಾರಿ ಬಿದ್ದಾಗ ಗುರುತ್ವದ ಮೂರು, ನಾಲ್ಕು ಪಟ್ಟು ಬಲ ಬೀಳುವುದು ಮಾಮೂಲು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೂರನೆಯದು ಒಳಗಿನ ಇಂಧನದ ತುಳುಕಾಟ. ತುಂಬಿದ ಟ್ಯಾಂಕ್ ತುಳುಕುವುದಿಲ್ಲ, ಖಾಲಿ ಟ್ಯಾಂಕಿನಲ್ಲಿ ತುಳುಕುವುದಕ್ಕೆ ಏನೂ ಇಲ್ಲ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಇದ್ದಾಗಲೇ ಕಷ್ಟ.

ತುಳುಕಾಟಕ್ಕೆ ತನ್ನದೇ ತಾಳ ಇದೆ. ಒಂದು ಮೀಟರ್ ಉದ್ದದ ಟ್ಯಾಂಕಿನಲ್ಲಿ 25 ಸೆಂಟಿಮೀಟರ್ ಇಂಧನ ಇದ್ದರೆ ಅದು ಒಂದು ಸಲ ಹೋಗಿ ಬರಲು ಸುಮಾರು 1.4 ಸೆಕೆಂಡ್ ಬೇಕು. ಅಲೆಗಳಿಗೆ ಎದುರಾಗಿ ಓಡುವ ಸಣ್ಣ ದೋಣಿಯ ಮೂತಿ ಏಳುವ ಬೀಳುವ ಲಯಕ್ಕೆ ಇದು ತುಂಬ ಹತ್ತಿರ. ಎರಡೂ ಕೂಡಿಕೊಂಡರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಟ್ಯಾಂಕಿನ ಒಳಗೆ, ನಡುವೆ ಒಂದು ಬ್ಯಾಫಲ್, ಅಂದರೆ ಅಡ್ಡ ತಡೆಹಲಗೆ ಹಾಕಿ ಉದ್ದವನ್ನು ಎರಡಾಗಿ ಒಡೆದರೆ ಕಾಲ 0.8 ಸೆಕೆಂಡಿಗೆ ಇಳಿಯುತ್ತದೆ. ಲಯ ತಪ್ಪುತ್ತದೆ, ಅಷ್ಟೇ ಅಲ್ಲ, ಓಡಿ ಬಂದು ಗೋಡೆಗೆ ಗುದ್ದುವ ಇಂಧನದ ತೂಕವೂ ಅರ್ಧವಾಗುತ್ತದೆ. ಬ್ಯಾಫಲ್ ಎಲ್ಲಿದೆ ಎಂಬುದು ಕೂರಿಸುವವರಿಗೂ ಗೊತ್ತಿರಬೇಕು. ಟ್ಯಾಂಕ್ ಮಾಡಿದವರನ್ನು ಕೇಳಿ, ಹೊರಮೈ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟುಕೊಳ್ಳಿ. ಮುಂದೆ ಎರಡು ಮೂರು ಸಲ ಆ ಗೆರೆ ಬೇಕಾಗುತ್ತದೆ.

ನಿಯಮಗಳು ಇದನ್ನೆಲ್ಲ ಹೇಗೆ ನೋಡುತ್ತವೆ? ಒಳಗೆ ಪೆಟ್ರೋಲ್ ಎಂಜಿನ್ ಇರುವ ದೋಣಿಗಳಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮ ಟ್ಯಾಂಕಿನ ಗಾತ್ರ ನೋಡಿ ಪರೀಕ್ಷೆ ಇಟ್ಟಿದೆ. 25 ಗ್ಯಾಲನ್‌ಗಿಂತ, ಅಂದರೆ ಸುಮಾರು 95 ಲೀಟರಿಗಿಂತ ಚಿಕ್ಕದಾದರೆ ನೀರು ತುಂಬಿಸಿ, ಗುರುತ್ವದ 25 ಪಟ್ಟಿನ ಏಟು, 1000 ಸಲ. 25ರಿಂದ 199 ಗ್ಯಾಲನ್‌ವರೆಗೆ ಒತ್ತಡವನ್ನು ಏರಿಸಿ ಇಳಿಸುವುದು 25,000 ಸಲ. 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ದಾಟಿದರೆ ಎರಡೂ ಕಡೆ 15 ಡಿಗ್ರಿ ಓಲಾಡಿಸುವುದು, 5,00,000 ಸಲ. ಗಮನಿಸಿ, ಚಿಕ್ಕ ಟ್ಯಾಂಕಿಗೆ ಏಟು, ದೊಡ್ಡದಕ್ಕೆ ತುಳುಕಾಟ. ಯಾವುದು ಯಾವುದರಿಂದ ಸಾಯುತ್ತದೆ ಎಂದು ತಿಳಿದೇ ಬರೆದಿದ್ದಾರೆ. ಕೂರಿಸುವ ಕೆಲಸಕ್ಕೆ ಅದೇ ನಿಯಮದಲ್ಲಿ ಒಂದು ಸಾಲು ಸಾಕು: ಟ್ಯಾಂಕ್ ಯಾವ ದಿಕ್ಕಿಗೂ ಕಾಲು ಇಂಚಿಗಿಂತ, 6 ಮಿಲಿಮೀಟರಿಗಿಂತ ಹೆಚ್ಚು ಸರಿಯಬಾರದು. ಅದು ಮೇಲ್ಮಿತಿ. ಲೋಹದ ಟ್ಯಾಂಕಿನಲ್ಲಿ ನಿಮ್ಮ ಗುರಿ ಸೊನ್ನೆಯೇ ಆಗಿರಬೇಕು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಏಕೆಂದರೆ ಈ ಪ್ರಶ್ನೆ ಪ್ರತಿಸಲ ಬರುತ್ತದೆ. "ಎಂಜಿನ್ನನ್ನು ರಬ್ಬರ್ ಮೌಂಟ್ ಮೇಲೆ ಕೂರಿಸುತ್ತೇವಲ್ಲ, ಟ್ಯಾಂಕನ್ನೂ ಹಾಗೇ ಕೂರಿಸಿದರೆ ಕಂಪನ ತಟ್ಟುವುದೇ ಇಲ್ಲವಲ್ಲ?" ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಎಂಜಿನ್ನಿನ ತೂಕ ಬದಲಾಗುವುದಿಲ್ಲ, ಟ್ಯಾಂಕಿನದ್ದು ದಿನವೂ ಬದಲಾಗುತ್ತದೆ. 200 ಲೀಟರ್ ಡೀಸೆಲ್ ಸುಮಾರು 168 ಕೆಜಿ, ಖಾಲಿ ಟ್ಯಾಂಕ್ 22 ಕೆಜಿ ಎನ್ನಿ. ತುಂಬಿದಾಗ 190, ಬರಿದಾದಾಗ 22. ತುಂಬಿದಾಗ ಸೆಕೆಂಡಿಗೆ 10 ಸಲ ಅಲುಗುವ ಹಾಗೆ ರಬ್ಬರ್ ಆರಿಸಿದರೆ, ಖಾಲಿಯಾದಾಗ ಅದೇ ರಬ್ಬರ್ ಮೇಲೆ ಟ್ಯಾಂಕ್ 29 ಸಲ ಅಲುಗುತ್ತದೆ. ಈಗ 700 ಆರ್‌ಪಿಎಂನಲ್ಲಿ ಐಡಲ್ ಓಡುತ್ತಿರುವ ನಾಲ್ಕು ಸಿಲಿಂಡರ್ ಎಂಜಿನ್ ನೋಡಿ: ಸ್ಫೋಟ ಸೆಕೆಂಡಿಗೆ 23. ಹತ್ತಕ್ಕೂ ಇಪ್ಪತ್ತೊಂಬತ್ತಕ್ಕೂ ನಡುವೆ 23 ಇದೆಯಲ್ಲ? ಟ್ಯಾಂಕಿನಲ್ಲಿ ಸುಮಾರು 17 ಲೀಟರ್ ಉಳಿದಾಗ ಎರಡೂ ತಾಳ ಕೂಡುತ್ತವೆ, ಟ್ಯಾಂಕ್ ಕುಣಿಯಲು ಶುರು ಮಾಡುತ್ತದೆ. ಇನ್ನೊಂದು ವಿಷಯ: ತುಂಬಿದಾಗ 10 ಸಲ ಅಲುಗುವ ರಬ್ಬರ್ ಬರೀ ತೂಕಕ್ಕೇ 2.5 ಮಿಮೀ ಕುಸಿಯುತ್ತದೆ. ನಾಲ್ಕು ಪಟ್ಟು ಏಟು ಬಿದ್ದಾಗ 10 ಮಿಮೀ. 6 ಮಿಲಿಮೀಟರಿನ ಮಿತಿ ಅಲ್ಲೇ ಮೀರಿತು, ಜೊತೆಗೆ ಇಂಧನ ತುಂಬುವ ಫಿಲ್ಲರ್ ಹೋಸ್ ಪ್ರತಿ ಅಲೆಗೂ ಎಳೆದಾಡಿಸಿಕೊಳ್ಳುತ್ತದೆ. ರಬ್ಬರ್ ಬೇಕಾದದ್ದು ಎಂಜಿನ್ನಿಗೆ. ಟ್ಯಾಂಕಿಗೆ ಬೇಕಾದದ್ದು ಗಟ್ಟಿ ನೆಲೆ.

ಆ ನೆಲೆಯಿಂದಲೇ ಆರಂಭಿಸೋಣ. ದೋಣಿಯ ತಳದ ಚರ್ಮದ ಮೇಲೆ ನೇರವಾಗಿ ಟ್ಯಾಂಕ್ ಇಡಬೇಡಿ. ತಳ ಅಲೆಗೆ ಬಾಗುತ್ತದೆ, ಬಾಗಬೇಕು ಕೂಡ. ಅಲ್ಲಿ ಗಟ್ಟಿ ವಸ್ತು ಒತ್ತಿಕೊಂಡರೆ ಫೈಬರ್ ಬಾಗುವ ಗೆರೆಯಲ್ಲೇ ಬಿರುಕು ಬಿಡುತ್ತದೆ. ತೂಕ ಸ್ಟ್ರಿಂಗರ್‌ಗಳ ಮೇಲೆ, ಅಂದರೆ ತಳದ ಉದ್ದಕ್ಕೂ ಹೋಗುವ ಆಧಾರದ ತೊಲೆಗಳ ಮೇಲೆ, ಇಲ್ಲವೆ ಅಡ್ಡ ಚೌಕಟ್ಟುಗಳ ಮೇಲೆ ಇಳಿಯಬೇಕು. ಅವುಗಳ ಮೇಲೆ ಅಡ್ಡತೊಲೆಗಳನ್ನು ಕೂರಿಸಿ, ಎರಡೂ ಬದಿಗೆ 75ರಿಂದ 100 ಮಿಮೀ ಹರಡುವಂತೆ ಗ್ಲಾಸ್ ಬಟ್ಟೆ ಮತ್ತು ರೆಸಿನ್ ಹಾಕಿ ಬಂಧಿಸಿ. ತೊಲೆ ಮರದ್ದಾದರೆ ಆರೂ ಮುಖಕ್ಕೆ, ಬೋಲ್ಟ್ ತೂತುಗಳ ಒಳಗೂ ರೆಸಿನ್ ಕುಡಿಸಿ. ತಾಮ್ರದ ಲವಣ ಹಾಕಿ ಸಂಸ್ಕರಿಸಿದ ಮರವನ್ನು ಅಲ್ಯೂಮಿನಿಯಂ ಟ್ಯಾಂಕಿನ ಹತ್ತಿರಕ್ಕೂ ತರಬೇಡಿ. ತೇವ ತಗುಲಿದರೆ ಆ ತಾಮ್ರ ಅಲ್ಯೂಮಿನಿಯಂ ತಿನ್ನುತ್ತದೆ.

ತೊಲೆಗಳ ನಡುವೆ ಎಷ್ಟು ದೂರ? ಅದಕ್ಕೂ ಲೆಕ್ಕ ಇದೆ. 40 ಸೆಂಟಿಮೀಟರ್ ಎತ್ತರದ ಡೀಸೆಲ್ ತಳದ ಮೇಲೆ ಸುಮಾರು 0.033 ಬಾರ್ ಒತ್ತಡ ಹಾಕುತ್ತದೆ. ಕೇಳಲು ಏನೂ ಅಲ್ಲ. ನಾಲ್ಕು ಪಟ್ಟು ಏಟಿನಲ್ಲಿ ಅದು 0.13 ಆಗುತ್ತದೆ, 30 ಸೆಂಟಿಮೀಟರ್ ಚೌಕದ ಆಧಾರವಿಲ್ಲದ ತಗಡಿನ ಮೇಲೆ 120 ಕೆಜಿ. ಒಬ್ಬ ದಪ್ಪ ಮನುಷ್ಯ ಆ ತಗಡಿನ ಮೇಲೆ ಒಂಟಿಕಾಲಿನಲ್ಲಿ ಹಾರಿ ನಿಂತ ಹಾಗೆ, ದಿನಕ್ಕೆ ಸಾವಿರಾರು ಸಲ. ತಗಡು ಹರಿಯುವುದಿಲ್ಲ, ಡಬ್ಬದ ಮುಚ್ಚಳದ ಹಾಗೆ ಒಳಕ್ಕೂ ಹೊರಕ್ಕೂ ಟಕ್ ಟಕ್ ಎನ್ನುತ್ತದೆ, ಬಿರುಕು ಬರುವುದು ಅಂಚಿನ ಬೆಸುಗೆಯಲ್ಲಿ. ಆದ್ದರಿಂದ ಪ್ರತಿ ಬ್ಯಾಫಲ್ ಗೆರೆಯ ಕೆಳಗೆ ಒಂದು ತೊಲೆ ಇರಲೇಬೇಕು, ಎರಡೂ ತುದಿಗೆ ಒಂದೊಂದು, ನಡುವಿನ ಜಾಗ 30 ಸೆಂಟಿಮೀಟರ್ ದಾಟಿದರೆ ಇನ್ನೂ ಒಂದು.

ತೊಲೆಗಳೆಲ್ಲ ಒಂದೇ ಸಮತಲದಲ್ಲಿ ಇರಬೇಕು ಎಂದು ಹೇಳಬೇಕಾಗಿಯೇ ಇಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಅರ್ಧ ಟ್ಯಾಂಕುಗಳು ಮೂರು ಕಾಲಿನ ಮೇಲೆ ಕೂತಿರುತ್ತವೆ. ಉದ್ದನೆಯ ನೇರಪಟ್ಟಿ ಇಟ್ಟು, ಕೆಳಗೆ ತೆಳು ಹಾಳೆ ತೂರಿಸಿ ನೋಡಿ. 1 ಮಿಮೀ ಸಂದು ಇದ್ದರೂ ಸ್ಟ್ರಾಪ್ ಬಿಗಿದಾಗ ಟ್ಯಾಂಕ್ ತಿರುಚಿಕೊಳ್ಳುತ್ತದೆ, ಆ ತಿರುಚು ಶಾಶ್ವತವಾಗಿ ಬೆಸುಗೆಯಲ್ಲಿ ಕೂತಿರುತ್ತದೆ. ಅದರ ಮೇಲೆ ಕಂಪನ ಬಂದರೆ ದಣಿವಿನ ಬಿರುಕು ಬೇಗ ಬರುತ್ತದೆ. ಸಂದು ಇದ್ದಲ್ಲಿ ರೆಸಿನ್ ಪೇಸ್ಟ್ ಹಾಕಿ ಮಟ್ಟ ಮಾಡಿ, ಬಿಗಿದು ಸರಿಮಾಡಲು ಹೋಗಬೇಡಿ. ತೊಲೆಯ ಕೆಳಮೂಲೆಯಲ್ಲಿ ನೀರು ಹರಿಯಲು 25 ಮಿಲಿಮೀಟರಿನ ಕಿಂಡಿ ಬಿಡಿ.

ಈಗ ತೊಲೆಗೂ ಟ್ಯಾಂಕಿಗೂ ನಡುವೆ ಏನು ಹಾಕುವುದು ಎಂಬ ಮಾತು. ಕೈಗೆ ಸಿಕ್ಕ ಕಾರ್ಪೆಟ್ ತುಂಡು, ಹಳೆ ಟ್ಯೂಬಿನ ರಬ್ಬರ್, ಫೆಲ್ಟ್: ನೋಡಿರುವಿರಿ. ಹಾಕಿದವರ ಉದ್ದೇಶ ಒಳ್ಳೆಯದೇ, ತಿಕ್ಕಾಟ ತಪ್ಪಿಸುವುದು. ಆದರೆ ನೀರು ಹೀರುವ ಯಾವ ವಸ್ತುವೂ ಅಲ್ಯೂಮಿನಿಯಂಗೆ ವಿಷ. ಉಪ್ಪುನೀರು ಕುಡಿದ ಕಾರ್ಪೆಟ್ ಒಣಗುವುದೇ ಇಲ್ಲ, ಗಾಳಿ ಸಿಗದ ಕಡೆ ಅಲ್ಯೂಮಿನಿಯಂ ತನ್ನ ಆಕ್ಸೈಡ್ ಪೊರೆಯನ್ನು ಮತ್ತೆ ಕಟ್ಟಿಕೊಳ್ಳಲಾರದು, ಆ ಜಾಗದಲ್ಲಿ ಬಿಳಿ ಹಿಟ್ಟಿನಂಥದ್ದು ಕೂಡಿ ಕೆಳಗೆ ಗುಳಿ ಬೀಳುತ್ತದೆ. ಕಂಪನದಿಂದ ಉಳಿಸಲು ಹೋಗಿ ತುಕ್ಕಿಗೆ ಕೊಟ್ಟ ಹಾಗೆ. ಕೆಲವು ಕಪ್ಪು ರಬ್ಬರುಗಳಲ್ಲಿ ಇಂಗಾಲದ ಪುಡಿ ಹೆಚ್ಚಿರುತ್ತದೆ, ಅದೂ ಒದ್ದೆಯಲ್ಲಿ ಲೋಹಕ್ಕೆ ಒಳ್ಳೆಯ ನೆರೆಯಲ್ಲ.

ಸರಿಯಾದದ್ದು ಗಟ್ಟಿಯಾದ, ನೀರು ಹೀರದ ಪಟ್ಟಿ. ಗ್ಲಾಸ್-ಎಪಾಕ್ಸಿ ಹಲಗೆ ಅಥವಾ ಗಟ್ಟಿ ಪಿವಿಸಿ, 5ರಿಂದ 6 ಮಿಮೀ ದಪ್ಪ, 50 ಮಿಮೀ ಅಗಲ. ಪಾಲಿಥೀನ್ ಪಟ್ಟಿ ಅಗ್ಗ, ಜಾರುತ್ತದೆ, ಸವೆಯುವುದಿಲ್ಲ, ಎಲ್ಲ ನಿಜ. ಆದರೆ ಅದಕ್ಕೆ ಅಂಟು ಹಿಡಿಯುವುದಿಲ್ಲ, ಮತ್ತು ಇಲ್ಲಿ ಅಂಟೇ ಮುಖ್ಯ. ಪಟ್ಟಿಯನ್ನು ಟ್ಯಾಂಕಿನ ತಳಕ್ಕೆ ಅಂಟಿಸಬೇಕು, ತೊಲೆಗಲ್ಲ. ಆಗ ಸಣ್ಣಪುಟ್ಟ ಚಲನೆ ಉಳಿದಿದ್ದರೂ ಅದು ಪಟ್ಟಿಗೂ ತೊಲೆಗೂ ನಡುವೆ ಆಗುತ್ತದೆ. ಸವೆಯುವುದಾದರೆ ಪಟ್ಟಿ ಸವೆಯಲಿ, ತಗಡು ಉಳಿಯಲಿ.

ಅಂಟಿಸುವ ಕ್ರಮ ಹೀಗೆ. ಟ್ಯಾಂಕನ್ನು ತಲೆಕೆಳಗು ಮಾಡಿ. ಪಟ್ಟಿ ಬರುವ ಜಾಗವನ್ನು 80 ನಂಬರಿನ ಉಪ್ಪುಕಾಗದದಿಂದ ಒರಟು ಮಾಡಿ, ಉಕ್ಕಿನ ತಂತಿ ಬ್ರಷ್ ಬೇಡ, ಅದರ ಕಬ್ಬಿಣದ ಕಣ ಅಲ್ಯೂಮಿನಿಯಂನಲ್ಲಿ ಹೂತುಕೊಂಡು ಆಮೇಲೆ ತುಕ್ಕಿಗೆ ದಾರಿಯಾಗುತ್ತದೆ. ಸಾಲ್ವೆಂಟ್‌ನಿಂದ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ಪಾಲಿಸಲ್ಫೈಡ್ ಸೀಲಂಟ್ ಇಂಧನಕ್ಕೆ ಜಗ್ಗುವುದಿಲ್ಲ, ಅದು ಒಳ್ಳೆಯ ಆಯ್ಕೆ. ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಕೂಡ ನಡೆಯುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಆ ವಾಸನೆ ಅಸಿಟಿಕ್ ಆಮ್ಲದ್ದು. ಸೀಲಂಟನ್ನು ಚುಕ್ಕೆ ಚುಕ್ಕೆಯಾಗಿ ಇಡಬೇಡಿ, ಪಟ್ಟಿಯ ಇಡೀ ಮುಖಕ್ಕೆ ಹಚ್ಚಿ. ಒತ್ತಿದಾಗ ನಾಲ್ಕೂ ಅಂಚಿನಿಂದ ಉಕ್ಕಿ ಹೊರಬರಬೇಕು. ಉಕ್ಕಿದ್ದನ್ನು ಒರೆಸಿ ಎಸೆಯದೆ ಬೆರಳಿನಿಂದ ಅಂಚಿಗೆ ಇಳಿಜಾರಾಗಿ ತೀಡಿ. ಒಳಗೆ ಒಂದು ಗುಳ್ಳೆ ಉಳಿದರೆ ಅಲ್ಲಿ ನೀರು ಸೇರುತ್ತದೆ, ಕಾರ್ಪೆಟ್ಟಿನ ಕಥೆಯೇ ಮತ್ತೆ. ಟ್ಯೂಬಿನ ಮೇಲೆ ಎರಡು ದಿನ ಅಂತ ಬರೆದಿರಬಹುದು. ಆದರೆ ಎರಡು ಗಟ್ಟಿ ಮುಖಗಳ ನಡುವೆ ಸಿಕ್ಕ ಸೀಲಂಟ್‌ಗೆ ಗಾಳಿಯ ತೇವ ಅಂಚಿನಿಂದ ಮಾತ್ರ ಒಳಗೆ ಹೋಗಬೇಕು. ಕನಿಷ್ಠ ಒಂದು ವಾರ ಮುಟ್ಟಬೇಡಿ.

ಇನ್ನು ಹಿಡಿದಿಡುವುದು. ಇಲ್ಲಿ ಎರಡು ಕೆಲಸ ಇವೆ, ಜನ ಒಂದನ್ನೇ ಮಾಡುತ್ತಾರೆ. ಸ್ಟ್ರಾಪ್ ಇರುವುದು ಟ್ಯಾಂಕ್ ಮೇಲಕ್ಕೆ ಏಳದಂತೆ ತಡೆಯಲು. ಹಿಂದೆ ಮುಂದೆ, ಅಕ್ಕಪಕ್ಕ ಸರಿಯದಂತೆ ತಡೆಯುವುದು ಅದರ ಕೆಲಸವೇ ಅಲ್ಲ. ಲೆಕ್ಕ ನೋಡಿ: ನಮ್ಮ 190 ಕೆಜಿಯ ಟ್ಯಾಂಕನ್ನು ಸ್ಟ್ರಾಪುಗಳು ಇನ್ನೊಂದು 100 ಕೆಜಿ ಬಲದಿಂದ ಕೆಳಕ್ಕೆ ಒತ್ತಿವೆ. ಒದ್ದೆ ಪ್ಲಾಸ್ಟಿಕ್ ಪಟ್ಟಿಯ ಘರ್ಷಣೆ 0.3 ಎಂದುಕೊಂಡರೆ ಜಾರದಂತೆ ಹಿಡಿಯುವ ಬಲ ಸುಮಾರು 90 ಕೆಜಿ. ಮೂತಿ ಅಲೆಗೆ ಹೊಕ್ಕಾಗ ಮುಂದಕ್ಕೆ ಗುರುತ್ವದ ಒಂದು ಪಟ್ಟು ಬಲ ಬಂದರೂ ಬೇಕಾದದ್ದು 190. ಅದೂ ದೋಣಿ ಗಾಳಿಯಲ್ಲಿದ್ದಾಗ ಟ್ಯಾಂಕಿನ ತೂಕವೇ ಲೆಕ್ಕಕ್ಕಿಲ್ಲ. ಸ್ಟ್ರಾಪ್ ಇನ್ನೂ ಬಿಗಿಯುತ್ತೇನೆ ಎಂದರೆ ಮೇಲಿನ ತಗಡು ತಗ್ಗುತ್ತದೆ.

ಆದ್ದರಿಂದ ತಳದ ನಾಲ್ಕೂ ಬದಿಗೆ ತಡೆಗಟ್ಟೆ ಬೇಕು. 50 ಮಿಮೀ ಎತ್ತರದ ಆಂಗಲ್ ತುಂಡು ಅಥವಾ ಗ್ಲಾಸ್ ಹೊದಿಸಿದ ಮರದ ಗಟ್ಟೆ, ಪ್ರತಿ ಬದಿಗೆ ಎರಡೆರಡು, ಟ್ಯಾಂಕಿನ ಮೂಲೆಯಿಂದ ಸ್ವಲ್ಪ ಒಳಕ್ಕೆ. ಟ್ಯಾಂಕಿಗೆ ತಾಗುವ ಮುಖಕ್ಕೆ ಅದೇ ಗಟ್ಟಿ ಪಟ್ಟಿ, ಅದನ್ನೂ ಟ್ಯಾಂಕಿಗೇ ಅಂಟಿಸಿ. ಗೋಡೆಯ ತಗಡಿನ ನಡುಭಾಗಕ್ಕೆ ಗಟ್ಟೆ ಒತ್ತಬಾರದು, ತಳದ ಬಾಗಿನ ಹತ್ತಿರ, ಇಲ್ಲವೆ ಬ್ಯಾಫಲ್ ಗೆರೆಯ ಮೇಲೆ ಒತ್ತಬೇಕು. ಎತ್ತರ ಹೆಚ್ಚಿ ಅಗಲ ಕಡಿಮೆ ಇರುವ ಟ್ಯಾಂಕ್ ಆದರೆ ಮೇಲ್ಭಾಗಕ್ಕೂ ಅಡ್ಡ ಆಧಾರ ಬೇಕು, ಇಲ್ಲದಿದ್ದರೆ ಬುಡ ನಿಂತು ತಲೆ ತೂಗುತ್ತದೆ.

ಸ್ಟ್ರಾಪ್ ಕನಿಷ್ಠ ಎರಡು, ಬ್ಯಾಫಲ್ ಗೆರೆಯ ನೆತ್ತಿಯ ಮೇಲೆ. 40ರಿಂದ 50 ಮಿಮೀ ಅಗಲ, 3 ಮಿಮೀ ದಪ್ಪದ ಅಲ್ಯೂಮಿನಿಯಂ, ಇಲ್ಲವೆ ಸ್ಟೇನ್‌ಲೆಸ್ 2 ಮಿಮೀ. ಸ್ಟೇನ್‌ಲೆಸ್ ಆದರೆ ಅದಕ್ಕೂ ಟ್ಯಾಂಕಿಗೂ ನಡುವಿನ ಒಳಪಟ್ಟಿ ಸ್ಟ್ರಾಪಿಗಿಂತ ಎರಡೂ ಕಡೆ 5 ಮಿಮೀ ಹೊರಚಾಚಿರಬೇಕು. ನೀವು ಈಗ ನೋಡಿದ ಆ ಗೆರೆ ಅಂಚಿನದ್ದು ಎಂಬುದು ನೆನಪಿರಲಿ. ಸ್ಟ್ರಾಪಿನ ಅಂಚನ್ನು ಅರ ಹಾಕಿ ದುಂಡಗೆ ಮಾಡಿ. ನೈಲಾನ್ ಬೆಲ್ಟ್ ಒದ್ದೆಯಾದರೆ ಉದ್ದವಾಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಲಾರಿಯ ಸಾಮಾನು ಬಿಗಿಯುವ ರ‍್ಯಾಚೆಟ್ ಪಟ್ಟಿಯನ್ನು ಶಾಶ್ವತ ಟ್ಯಾಂಕಿಗೆ ಹಾಕುವುದು ಆ ದಿನದ ಮಟ್ಟಿಗೆ ಸರಿ.

ಬೋಲ್ಟ್ ವಿಷಯದಲ್ಲಿ ಎಲ್ಲರೂ ದಪ್ಪದ ಬಗ್ಗೆ ಯೋಚಿಸುತ್ತಾರೆ. ಎಂ8 ಅಳತೆಯ ಸಾಧಾರಣ ಸ್ಟೇನ್‌ಲೆಸ್ ಬೋಲ್ಟ್ ಒಂದೇ ಒಂದೂವರೆ ಟನ್ ಎಳೆತ ತಡೆಯುತ್ತದೆ. ಅದು ಹರಿಯುವುದಿಲ್ಲ. ಅದು ಹೊಕ್ಕಿರುವ ಮರ ಅಥವಾ ಫೈಬರ್ ಬಿಟ್ಟುಕೊಡುತ್ತದೆ. ಆದ್ದರಿಂದ ಮರದ ಸ್ಕ್ರೂ ಬೇಡವೇ ಬೇಡ. ಕಂಪನಕ್ಕೆ ಮರದ ನಾರು ಪುಡಿಯಾಗಿ ಸ್ಕ್ರೂ ತೂತಿನಲ್ಲಿ ತಿರುಗಾಡುತ್ತದೆ. ಆರಪಾರ ಬೋಲ್ಟ್ ಹಾಕಿ, ಹಿಂದೆ 50 ಮಿಮೀ ಚೌಕದ 5 ಮಿಮೀ ದಪ್ಪದ ಪ್ಲೇಟ್ ಕೊಟ್ಟು, ನೈಲಾನ್ ಉಂಗುರದ ಲಾಕ್‌ನಟ್ ಬಿಗಿಯಿರಿ. ಸ್ಪ್ರಿಂಗ್ ವಾಷರ್ ನಂಬಬೇಡಿ, ಅಡ್ಡಡ್ಡ ನಡುಗುವ ಜೋಡಣೆಯಲ್ಲಿ ಅದು ನಟ್ಟನ್ನು ನಿಲ್ಲಿಸುವುದಿಲ್ಲ. ಒಮ್ಮೆ ಬಿಚ್ಚಿದ ಲಾಕ್‌ನಟ್ ಮತ್ತೆ ಹಾಕುವಾಗ ಬೆರಳಿನಿಂದಲೇ ತಿರುಗಿದರೆ ಎಸೆದು ಹೊಸದು ಹಾಕಿ.

ಎಷ್ಟು ಬಿಗಿಯಬೇಕು? ಖಾಲಿ ಟ್ಯಾಂಕಿನ ಮೇಲೆ ಸ್ಟ್ರಾಪ್ ಸಡಿಲವಿಲ್ಲದೆ ಕೂರುವಷ್ಟು, ಬೆರಳಿನಿಂದ ತಟ್ಟಿದರೆ ಮಂದವಾದ ದನಿ ಬರುವಷ್ಟು. ತಗಡು ತಗ್ಗಿದರೆ ಹೆಚ್ಚಾಯಿತು. ಆಮೇಲೆ ಇಂಧನ ತುಂಬಿ. ತೂಕಕ್ಕೆ ಪಟ್ಟಿಗಳು ಕೂತು, ಸ್ಟ್ರಾಪ್ ಒಂದಿಷ್ಟು ಸಡಿಲವಾಗುತ್ತದೆ. ಆ ಸಡಿಲವನ್ನು ತುಂಬಿದ ಟ್ಯಾಂಕಿನಲ್ಲೇ ತೆಗೆಯಿರಿ. ಈ ಎರಡನೇ ಬಿಗಿತ ಬಿಟ್ಟರೆ ಮೊದಲ ದಿನದಿಂದಲೇ ಟ್ಯಾಂಕ್ ಎದ್ದು ಬೀಳುತ್ತದೆ.

ಟ್ಯಾಂಕಿಗೇ ಬೆಸೆದ ಕಿವಿಗಳಿಂದ, ಅಂದರೆ ಟ್ಯಾಬ್‌ಗಳಿಂದ ಬೋಲ್ಟ್ ಹಾಕುವ ಪದ್ಧತಿಯೂ ಇದೆ. ಚೆನ್ನಾಗಿ ಮಾಡಿದರೆ ಸ್ಟ್ರಾಪಿಗಿಂತ ಅಚ್ಚುಕಟ್ಟು. ಆದರೆ ಕಿವಿಯನ್ನು 3 ಮಿಮೀ ತಗಡಿಗೆ ನೇರ ಬೆಸೆದರೆ ಬಲವೆಲ್ಲ ಬೆಸುಗೆಯ ತುದಿಯ ಒಂದು ಬಿಂದುವಿಗೆ ಬರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೊದಲು ಮೂಲೆ ದುಂಡಗೆ ಮಾಡಿದ ಅಗಲವಾದ ಪ್ಯಾಡ್ ಪ್ಲೇಟ್, ಅದರ ಸುತ್ತ ನಿರಂತರ ಬೆಸುಗೆ, ಅದರ ಮೇಲೆ ಕಿವಿ. ದೋಣಿ ತಿರುಚಿಕೊಂಡಾಗ ಟ್ಯಾಂಕ್ ಎಳೆದಾಡಿಸಿಕೊಳ್ಳದಿರಲು ಒಂದು ತುದಿಯ ಕಿವಿಗಳ ತೂತು ಉದ್ದನೆ ಇರಲಿ.

ಪಾಲಿಥೀನ್ ಟ್ಯಾಂಕ್ ತಂದಿದ್ದರೆ ಇಲ್ಲಿಯವರೆಗೆ ಹೇಳಿದ್ದರಲ್ಲಿ ಅರ್ಧ ಉಲ್ಟಾ ಮಾಡಿಕೊಳ್ಳಿ. ಪೆಟ್ರೋಲ್ ತುಂಬಿದ ಕೆಲವು ವಾರಗಳಲ್ಲಿ ಅದು ಪ್ರತಿ ಅಳತೆಯಲ್ಲೂ ಸುಮಾರು ನೂರಕ್ಕೆ ಎರಡರಷ್ಟು ಊದುತ್ತದೆ. ಒಂದು ಮೀಟರಿನ ಟ್ಯಾಂಕ್ 20 ಮಿಮೀ ಬೆಳೆಯುತ್ತದೆ. ಹೊಸದರಲ್ಲಿ ಗಟ್ಟೆಗಳನ್ನು ಒತ್ತಿ ಬಿಗಿದರೆ ಬೆಳೆಯಲು ಜಾಗವಿಲ್ಲದೆ ಗೋಡೆ ಒಳಕ್ಕೆ ಮಡಚುತ್ತದೆ, ಸ್ಟ್ರಾಪ್ ಮೈಯೊಳಗೆ ಹೂತುಕೊಳ್ಳುತ್ತದೆ. ಗಟ್ಟೆಯ ಬೋಲ್ಟ್ ತೂತು ಉದ್ದನೆ ಇಟ್ಟು, ಜಾಗ ಬಿಟ್ಟು ಕೂರಿಸಿ, ತುಂಬಿಸಿ, ಊದಿದ ಮೇಲೆ ಗಟ್ಟೆ ಹತ್ತಿರ ತನ್ನಿ. ದೋಣಿಯನ್ನು ಅದಕ್ಕೂ ಮೊದಲು ಅಲೆಗೆ ಒಯ್ಯಬೇಡಿ. ಫಿಲ್ಲರ್ ಕುತ್ತಿಗೆಯೂ ಜಾಗ ಬದಲಿಸುತ್ತದೆ, ಹೋಸ್ ಸ್ವಲ್ಪ ಉದ್ದ ಇರಲಿ. ಲೋಹದ ಟ್ಯಾಂಕಿಗೆ ತೊಲೆಗಳು ಸಾಕು. ಪಾಲಿಥೀನ್ ನಿಧಾನವಾಗಿ ಜೋತುಬೀಳುವ ವಸ್ತು, ಅದಕ್ಕೆ ತಳಪೂರ್ತಿ ಸಪಾಟಾದ ಹಲಗೆ ಬೇಕು. ಒಂದೇ ಒಂದು ಸ್ಕ್ರೂ ತಲೆಯೂ ಮೇಲೆ ಎದ್ದಿರಬಾರದು.

ಸುತ್ತ ಫೋಮ್ ಸುರಿದು ಮುಚ್ಚಿಬಿಡುವ ಪದ್ಧತಿ ಬಗ್ಗೆ ಎರಡೇ ಮಾತು. ಲೋಹದ ಟ್ಯಾಂಕಿಗೆ ಫೋಮ್ ಒಂದೇ ಆಧಾರ ಆಗಬಾರದು ಎಂದು ಆ ಅಮೆರಿಕದ ನಿಯಮವೇ ಹೇಳುತ್ತದೆ. ಫೋಮ್ ಒಂದು ಕಡೆ ಬಿಟ್ಟುಕೊಂಡರೂ ಆ ಸಂದಿಗೆ ನೀರು ಇಳಿಯುತ್ತದೆ, ಹೊರಗೆ ಬರುವುದಿಲ್ಲ, ನಿಮಗೆ ಕಾಣುವುದೂ ಇಲ್ಲ.

ಟ್ಯಾಂಕ್ ಅಲುಗದಂತಾಯಿತು. ಈಗ ಅದಕ್ಕೆ ತಗುಲಿಹಾಕಿದ ವಸ್ತುಗಳು. ಎಂಜಿನ್ ರಬ್ಬರ್ ಮೇಲೆ ಕುಣಿಯುತ್ತದೆ, ಟ್ಯಾಂಕ್ ಸ್ಥಿರ. ಎರಡರ ನಡುವೆ ಬರೀ ತಾಮ್ರದ ಕೊಳವೆ ಎಳೆದರೆ ಅದು ಬಾಗಿ ಬಾಗಿ ಗಡುಸಾಗಿ, ತುದಿಯನ್ನು ಹಿಡಿದಿರುವ ಫ್ಲೇರ್ ನಟ್ಟಿನ ಹಿಂದೆ ಮುರಿಯುತ್ತದೆ. ಕೊಳವೆಯನ್ನು ಚೌಕಟ್ಟಿಗೆ ಕ್ಲಿಪ್ ಹಾಕಿ ಕೊನೆಗೊಳಿಸಿ, ಅಲ್ಲಿಂದ ಎಂಜಿನ್‌ವರೆಗೆ ಬೆಂಕಿ ತಡೆಯುವ, ಐಎಸ್‌ಒ 7840 ಗುರುತಿನ ಹೋಸ್. ಫಿಲ್ಲರ್ ಹೋಸಿಗೆ ಪ್ರತಿ ತುದಿಯಲ್ಲಿ ಎರಡು ಸ್ಟೇನ್‌ಲೆಸ್ ಕ್ಲ್ಯಾಂಪ್.

ವಾಲ್ವ್ ಮತ್ತು ಫಿಲ್ಟರನ್ನು ಟ್ಯಾಂಕಿನ ಬಾಯಿಗೇ ನೇತುಹಾಕಬೇಡಿ. ಒಂದು ಕಿಲೋ ತೂಕದ ಹಿತ್ತಾಳೆ 10 ಸೆಂಟಿಮೀಟರ್ ಚಾಚಿಕೊಂಡು ಸೆಕೆಂಡಿಗೆ 60 ಸಲ ನಡುಗಿದರೆ ಬಾಯಿಯ ಬೆಸುಗೆ ಸುತ್ತ ಬಿರುಕು ಬರುತ್ತದೆ. ಅವಕ್ಕೆ ಬೇರೆ ಬ್ರ್ಯಾಕೆಟ್, ನಡುವೆ ಹೋಸ್. ಹಿತ್ತಾಳೆಯನ್ನು ಅಲ್ಯೂಮಿನಿಯಂಗೆ ನೇರ ತಿರುಗಿಸಲೂ ಬಾರದು, ನಡುವೆ ಸ್ಟೇನ್‌ಲೆಸ್ ಜೋಡಣೆ ಇರಲಿ.

ಯಾರೂ ನೋಡದ ಭಾಗ ಒಂದಿದೆ: ಇಂಧನ ಹೀರುವ ಒಳಕೊಳವೆ. ಮೇಲಿನಿಂದ 40 ಸೆಂಟಿಮೀಟರ್ ಇಳಿದು ತುದಿ ಆಧಾರವಿಲ್ಲದೆ ತೂಗುತ್ತಿರುತ್ತದೆ. ಇಂಧನ ಅದನ್ನು ಅತ್ತಿತ್ತ ತಳ್ಳುತ್ತದೆ, ಕಂಪನ ಬೇರೆ. ಮುರಿದರೆ ಮೇಲಿನ ಬೆಸುಗೆಯ ಹತ್ತಿರ ಮುರಿಯುತ್ತದೆ. ಲಕ್ಷಣ ವಿಚಿತ್ರ: ಟ್ಯಾಂಕ್ ತುಂಬಿದ್ದಾಗ ಎಂಜಿನ್ ಚೆನ್ನಾಗಿ ಓಡುತ್ತದೆ, ಇಂಧನ ಮುರಿದ ಜಾಗಕ್ಕಿಂತ ಕೆಳಗೆ ಇಳಿದಾಗ ಗಾಳಿ ಎಳೆದು ನಿಲ್ಲುತ್ತದೆ, ಗೇಜ್ ಇನ್ನೂ ಸಾಕಷ್ಟು ಇಂಧನ ತೋರಿಸುತ್ತಿರುತ್ತದೆ. ಪಂಪು, ಫಿಲ್ಟರು ಎಲ್ಲ ಬದಲಿಸಿ ಸೋತ ಮೇಲೆ ಇದು ಹೊಳೆಯುವುದು. ಟ್ಯಾಂಕ್ ಮಾಡಿಸುವಾಗಲೇ ಕೊಳವೆಯ ಕೆಳತುದಿಗೆ ಬ್ಯಾಫಲ್‌ನಿಂದ ಒಂದು ಆಧಾರ ಕೇಳಿ.

ಲೋಹದ ಟ್ಯಾಂಕಿಗೂ ಡೆಕ್ಕಿನ ಫಿಲ್ಲರಿಗೂ ಅರ್ಥಿಂಗ್ ತಂತಿ ಇರಬೇಕು, ಪ್ರತಿರೋಧ 100 ಓಮ್‌ಗಿಂತ ಕಡಿಮೆ. ತಂತಿಯನ್ನು ಬಿಗಿದು ಎಳೆಯದೆ ಒಂದು ಸುರುಳಿ ಬಿಡಿ.

ಎಲ್ಲ ಜೋಡಿಸಿ, ಇಂಧನ ತುಂಬುವ ಮೊದಲು ಒತ್ತಡ ಪರೀಕ್ಷೆ. ಸಾಮಾನ್ಯವಾಗಿ 3 ಪಿಎಸ್‌ಐ, ಅಂದರೆ 0.2 ಬಾರ್, ಟ್ಯಾಂಕಿನ ಚೀಟಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ. ಕಂಪ್ರೆಸರಿನ ಗೇಜಿನಲ್ಲಿ 0.2 ಓದಲು ಆಗುವುದಿಲ್ಲ, ಮುಳ್ಳು ಅಲುಗುವ ಮೊದಲೇ ಟ್ಯಾಂಕ್ ಉಬ್ಬಿರುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಯು ಆಕಾರದಲ್ಲಿ ಕಟ್ಟಿ, ಒಂದು ತುದಿಯನ್ನು ಟ್ಯಾಂಕಿಗೆ ಸೇರಿಸಿ, ಎರಡು ಕಡೆಯ ಮಟ್ಟದ ಅಂತರ 2.1 ಮೀಟರ್ ಆದರೆ 3 ಪಿಎಸ್‌ಐ. ಸೈಕಲ್ ಪಂಪ್ ಸಾಕು. ಹೆಚ್ಚಾದರೆ ನೀರೇ ಹಾರಿಹೋಗಿ ಟ್ಯಾಂಕ್ ಉಳಿಯುತ್ತದೆ. ಐದು ನಿಮಿಷ ಹಿಡಿದಿಟ್ಟು ಎಲ್ಲ ಬೆಸುಗೆ, ಎಲ್ಲ ಜೋಡಣೆಗೆ ಸಾಬೂನು ನೀರು ಹಚ್ಚಿ. ಇದು ನೆರಳಿನಲ್ಲಿ ಮಾಡುವ ಕೆಲಸ, ಬಿಸಿಲು ಬಿದ್ದರೆ ಒಳಗಿನ ಗಾಳಿ ಹಿಗ್ಗಿ ಸೋರಿಕೆಯನ್ನು ಮರೆಮಾಡುತ್ತದೆ.

ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ, ಪ್ರತಿ ಪಟ್ಟಿಯಿಂದ ತೊಲೆಯವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮೊದಲ 10 ಗಂಟೆಯ ಓಟದ ಮೇಲೆ ನೋಡಿ, ಆಮೇಲೆ 50 ಗಂಟೆಗೆ, ಆಮೇಲೆ ಪ್ರತಿ ಋತುವಿನ ಆರಂಭದಲ್ಲಿ. ಗೆರೆ ಮುರಿದಿದ್ದರೆ ಏನೋ ಸರಿದಿದೆ. ಸ್ಟ್ರಾಪಿನ ಅಂಚಿನಲ್ಲಿ ಕಪ್ಪು ಪುಡಿ ಕಂಡರೆ ತಿಕ್ಕಾಟ, ಬಿಳಿ ಹಿಟ್ಟು ಕಂಡರೆ ತುಕ್ಕು. ಎರಡಕ್ಕೂ ಔಷಧ ಬೇರೆ ಬೇರೆ: ಮೊದಲನೆಯದಕ್ಕೆ ಬಿಗಿತ, ಎರಡನೆಯದಕ್ಕೆ ಬಿಚ್ಚಿ ಒಣಗಿಸುವುದು. ಟ್ಯಾಂಕಿನೊಳಗೆ ಟಣ್ ಎಂದು ಸದ್ದು, ಫಿಲ್ಟರಿನಲ್ಲಿ ಮಿನುಗುವ ಚೂರು ಬಂದರೆ ಬ್ಯಾಫಲ್ ಬೆಸುಗೆ ಬಿಟ್ಟಿದೆ, ಹೊರಗಿನಿಂದ ಏನು ಬಿಗಿದರೂ ಪ್ರಯೋಜನವಿಲ್ಲ.

ಬಿರುಕು ಕಂಡರೆ ದೋಣಿಯಲ್ಲೇ ಬೆಸುಗೆ ಹಾಕಲು ಹೋಗಬೇಡಿ. ಖಾಲಿ ಮಾಡಿದ ಪೆಟ್ರೋಲ್ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಏಕೆಂದರೆ ಸಿಡಿಯುವುದು ದ್ರವವಲ್ಲ, ಗಾಳಿ ಬೆರೆತ ಆವಿ. ಆ ಆವಿ ಗಾಳಿಗಿಂತ ಭಾರ, ತಳದ ಮೂಲೆಯಲ್ಲಿ ಕೂತಿರುತ್ತದೆ. ಟ್ಯಾಂಕನ್ನು ಹೊರತೆಗೆದು, ತೊಳೆದು, ಗ್ಯಾಸ್ ಮೀಟರ್ ಹಿಡಿದು ಆವಿ ಇಲ್ಲವೆಂದು ಖಚಿತ ಮಾಡಿಕೊಳ್ಳುವ, ಈ ಕೆಲಸ ಬಲ್ಲ ಬೆಸುಗೆಯವರ ಕೈಗೇ ಕೊಡಿ. ವಾಪಸು ಬಂದ ಮೇಲೆ ಆ ಯು ಕೊಳವೆಯ ಪರೀಕ್ಷೆ ಮತ್ತೆ ಮಾಡಿ, ಪಟ್ಟಿಗಳನ್ನು ಹೊಸದಾಗಿ ಅಂಟಿಸಿ. ಹಳೆಯ ಪಟ್ಟಿಯ ಕೆಳಗೆ ಏನಾಗಿತ್ತು ಎಂದು ನೋಡಲು ಅದೊಂದೇ ಅವಕಾಶ.